ಐವತ್ತು ಕಿಲೋಗ್ರಾಮಿನ ಲೆಕ್ಕ

(ಸಂಘದ ವಿದ್ಯಾರ್ಥಿ ಕೂಟದಲ್ಲಿ ಮಾಡಿದ ಭಾಷಣ)



ಯಂತ್ರಮಾನವನ ವಿಷಯವಾಗಿ ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಮಗೆ ಸಂಕೋಚವೇ ಆಯಿತು. ನಾವು ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರು. ಯಂತ್ರ ಕಟ್ಟುವ ವಿದ್ಯೆ ನಮ್ಮದಲ್ಲ. ಆದರೆ ಕಟ್ಟಿದ ಯಂತ್ರವನ್ನು ತೂಗುವುದು ಲೆಕ್ಕದ ಮಾತು. ಅಷ್ಟರ ಮಟ್ಟಿಗೆ ಹೇಳಬಹುದೆಂದು ಒಪ್ಪಿಕೊಂಡೆವು.

ರೋಬೋಕಾನ್ ಎಂಬ ಸ್ಪರ್ಧೆಯ ಹೆಸರು ಪುಣೆಯ ಕನ್ನಡ ಮನೆಗಳಿಗೆ ಹೊಸದಲ್ಲ. ಏಷ್ಯಾ ಮತ್ತು ಶಾಂತಸಾಗರದ ರಾಷ್ಟ್ರಗಳ ಪ್ರಸಾರ ಒಕ್ಕೂಟವು 2002ರಲ್ಲಿ ಟೋಕಿಯೋ ನಗರದಲ್ಲಿ ಇದನ್ನು ಆರಂಭಿಸಿತು. 2008ರಲ್ಲಿ ಮತ್ತು 2014ರಲ್ಲಿ ಅಂತರರಾಷ್ಟ್ರೀಯ ಪಂದ್ಯವು ನಮ್ಮ ಪುಣೆಯಲ್ಲಿಯೇ ನಡೆಯಿತು. 2008ರ ಆಟವಂತೂ ಗೋಕುಲಾಷ್ಟಮಿಯ ಮೊಸರು ಗಡಿಗೆಯದು; ಯಂತ್ರಗಳು ಗೋವಿಂದರಾಗಿ ಬೆಣ್ಣೆ ಕದಿಯಬೇಕಾಗಿತ್ತು. ರಾಷ್ಟ್ರಮಟ್ಟದ ಪಂದ್ಯವು 2024ರಲ್ಲಿ ದಿಲ್ಲಿಯಲ್ಲಿ ಜರುಗಿತು. ಈ ಸ್ಪರ್ಧೆಯ ನಿಯಮಗಳಲ್ಲಿ ಹಲವು ವರ್ಷ ಕಂಡುಬಂದ ಅಂಕಿ 50 ಕಿಲೋಗ್ರಾಂ. ಅದರಲ್ಲಿ ಏನೇನು ಸೇರುತ್ತದೆ ಎಂಬುದನ್ನು ಆಯಾ ವರ್ಷದ ನಿಯಮದಲ್ಲಿ ಓದಿಕೊಳ್ಳಬೇಕು. ಮಿತಿ ಮೀರಿದರೆ ಇಳಿಸುವ ತನಕ ಅಂಗಳಕ್ಕೆ ಪ್ರವೇಶವಿಲ್ಲ.

ನಮ್ಮ ಸಂಘದ ಮನೆಗಳ ಮೂವರು ಮಕ್ಕಳಿರುವ ಒಂದು ತಂಡದ ಕಥೆ ಇದು. ಹೊರಡುವ ಎರಡು ವಾರ ಮೊದಲು ಅವರು ಮನೆಯಲ್ಲಿ ಮೈತೂಕ ನೋಡುವ ಯಂತ್ರದ ಮೇಲೆ ತಮ್ಮ ಸಾಮಗ್ರಿಯನ್ನೆಲ್ಲ ಇಟ್ಟು ತೂಗಿದರು. 50.3 ಎಂದು ತೋರಿಸಿತು. ಮುನ್ನೂರು ಗ್ರಾಂ ಇಳಿಸಬೇಕು. ಏನನ್ನು ತೆಗೆಯುವುದು? ಒಬ್ಬ ಹುಡುಗಿ ನಾಲ್ಕು ತಿಂಗಳು ಕುಳಿತು ಮಾಡಿದ ಹಿಡಿಕೈಯನ್ನು ತೆಗೆಯುವುದೆಂದು ಉಳಿದವರು ನಿಶ್ಚಯಿಸಿದರು. ಆಕೆ ನಮ್ಮೆದುರು ಬಂದು, “ಕಾಕಾ, ಇದನ್ನ ತಗದರ ಉಳಿದದ್ದು ತಗೊಂಡು ಏನ್ ಮಾಡೂದು?” ಎಂದಳು. ಅವಳ ಮಾತು ನ್ಯಾಯವಾದದ್ದು. ನಮಗೆ ಹೊಳೆದ ಪ್ರಶ್ನೆ ಬೇರೆ: ಆ 50.3 ಎಂಬ ಅಂಕಿಗೆ ಸಾಕ್ಷಿ ಯಾರು?

ಅಂಕಿ ಸೂಕ್ಷ್ಮವಾಗಿದ್ದ ಮಾತ್ರಕ್ಕೆ ತೂಕ ನಿಜವೆಂದು ತಿಳಿಯಬಾರದು. ಕೆಲವು ನೂರು ರೂಪಾಯಿಗೆ ಸಿಗುವ, ಪ್ರವಾಸದ ಪೆಟ್ಟಿಗೆ ತೂಗುವ ಕೊಕ್ಕೆ ತಕ್ಕಡಿಯೂ ಹತ್ತು ಹತ್ತು ಗ್ರಾಮಿಗೆ ಅಂಕಿ ತೋರಿಸುತ್ತದೆ. ಅದರ ಸತ್ಯ ಇನ್ನೂರು ಗ್ರಾಂ ಆಚೆಗಿರಬಹುದು. ಮೈತೂಕದ ಯಂತ್ರಕ್ಕೆ ಇನ್ನೊಂದು ದುರ್ಗುಣವುಂಟು. ಅದೇ ಭಾರವನ್ನು ಸ್ವಲ್ಪ ಹೆಚ್ಚು ಕಡಿಮೆ ಮಾಡಿ ಮತ್ತೆ ಇಟ್ಟರೆ, ಹಲವು ಯಂತ್ರಗಳು ಹಿಂದಿನ ಅಂಕಿಯನ್ನೇ ನೆನಪಿಟ್ಟು ಒಪ್ಪಿಸುತ್ತವೆ. ಮೂರು ಸಲ ಒಂದೇ ಅಂಕಿ ಬಂತೆಂದು ನಾವು ಸಂತೋಷಪಡುತ್ತೇವೆ; ಅದು ಬಾಯಿಪಾಠ. ನಡುವೆ ಬೇರೆ ಭಾರವನ್ನಿಟ್ಟು ಅದನ್ನು ಮರೆಸಬೇಕು. ಜಮಖಾನೆಯ ಮೇಲಿಟ್ಟು ತೂಗುವುದಂತೂ ಕೂಡದು. ಗಟ್ಟಿ ನೆಲ ಬೇಕು, ಮಟ್ಟವಾಗಿರಬೇಕು.

ಸಾವಿರಾರು ರೂಪಾಯಿ ಕೊಟ್ಟು ಉತ್ತಮ ತಕ್ಕಡಿಯನ್ನು ಕೊಳ್ಳುವ ಶಕ್ತಿ ಆ ತಂಡಕ್ಕೆ ಇರಲಿಲ್ಲ. ಅವಶ್ಯವೂ ಇರಲಿಲ್ಲ. ತಕ್ಕಡಿ ಸುಳ್ಳು ಹೇಳಿದರೂ ಚಿಂತೆಯಿಲ್ಲ, ಒಂದೇ ಸುಳ್ಳನ್ನು ಎರಡು ಸಲ ಹೇಳಿದರೆ ಸಾಕು. ಗೊತ್ತಿರುವ ಐವತ್ತು ಕಿಲೋ ಭಾರವನ್ನು ಒಮ್ಮೆ ಇಟ್ಟು, ಅದನ್ನು ತೆಗೆದು ಅದೇ ಜಾಗದಲ್ಲಿ ಯಂತ್ರವನ್ನಿಟ್ಟು, ಎರಡರ ಅಂತರವನ್ನು ನೋಡಿದರೆ ತಕ್ಕಡಿಯ ದೋಷ ಎರಡೂ ಕಡೆ ಸಮನಾಗಿ ಬಿದ್ದು ಕಳೆದುಹೋಗುತ್ತದೆ.

ಆದರೆ ಗೊತ್ತಿರುವ ಐವತ್ತು ಕಿಲೋ ಎಲ್ಲಿಂದ ಬರಬೇಕು? ನಮ್ಮ ಅಜ್ಜಂದಿರ ಕಾಲದಲ್ಲಿ ಊರೂರಿಗೆ ಸೇರು ಬೇರೆ. ಕನ್ನಡ ನಾಡು ಒಂದಾದ 1956ರಲ್ಲಿಯೇ ದೇಶಕ್ಕೆಲ್ಲ ಒಂದೇ ತೂಕ ಅಳತೆಯ ಶಾಸನವೂ ಆಯಿತು. ಅದರ ಪುಣ್ಯದಿಂದ ಇಂದು ಮಾಪನ ಇಲಾಖೆಯ ಮುದ್ರೆಯುಳ್ಳ ಹತ್ತು ಕಿಲೋ ಕಬ್ಬಿಣದ ಕಲ್ಲು ಪುಣೆಯಲ್ಲೂ ಅಷ್ಟೇ, ಧಾರವಾಡದಲ್ಲೂ ಅಷ್ಟೇ. ನಮ್ಮ ಓಣಿಯ ರದ್ದಿ ಅಂಗಡಿಯವರಲ್ಲಿ ಅಂಥ ಒಂದು ಕಲ್ಲಿತ್ತು. ಮಕ್ಕಳು ಹತ್ತು ಲೀಟರಿನ ಐದು ಪ್ಲಾಸ್ಟಿಕ್ ಕ್ಯಾನುಗಳನ್ನು ಹೊತ್ತು ತಂದರು. ಅಂಗಡಿಯ ಸಣ್ಣ ತಕ್ಕಡಿಯ ಮೇಲೆ ಮೊದಲು ಕಲ್ಲನ್ನಿಟ್ಟು ಅಂಕಿ ಬರೆದುಕೊಂಡೆವು. ಕಲ್ಲನ್ನು ತೆಗೆದು ಕ್ಯಾನನ್ನಿಟ್ಟು, ಅದೇ ಅಂಕಿ ಬರುವ ತನಕ ನೀರು ಹೊಯ್ದೆವು; ಕೊನೆಗೆ ಚಮಚೆಯಿಂದ. ಮುಚ್ಚಳವೂ ಕ್ಯಾನೂ ಸೇರಿ ಹತ್ತು ಕಿಲೋ. ಹೀಗೆ ಐದು. ಹೋಗಿ ಬರುವ ಗಿರಾಕಿಗಳು ನಮ್ಮನ್ನು ಹಾಲಿಗೆ ನೀರು ಬೆರೆಸುವವರೆಂದು ತಿಳಿದರೋ ಏನೋ!

ಅನಂತರ ಅವರದೇ ದೊಡ್ಡ ನೆಲತಕ್ಕಡಿ. ಅದು 50 ಗ್ರಾಮಿಗೊಮ್ಮೆ ಅಂಕಿ ಬದಲಿಸುವಂಥದು. ಯಂತ್ರದ ಚಕ್ರಗಳು ಉರುಳದಂತೆ ಒಂದು ಹಲಗೆ ಹಾಕಿ, ಅದನ್ನು ಎರಡು ಸಲದ ತೂಕಕ್ಕೂ ಹಾಗೆಯೇ ಇರಿಸಿದೆವು. 50 ಗ್ರಾಮಿನೊಳಗಣ ಸೂಕ್ಷ್ಮ ತಿಳಿಯಲು ನಮ್ಮ ವೃತ್ತಿ ಉಪಯೋಗಕ್ಕೆ ಬಂತು. ಹತ್ತು ರೂಪಾಯಿಯ ನಾಣ್ಯ ಸುಮಾರು 7.7 ಗ್ರಾಂ ತೂಗುತ್ತದೆ. ಅಂಕಿ ಮುಂದಿನದಕ್ಕೆ ಜಿಗಿಯುವ ತನಕ ಒಂದೊಂದೇ ನಾಣ್ಯ ಇಡುತ್ತ ಹೋಗುವುದು.

ನೀರಿನ ಐವತ್ತು ಕಿಲೋ ಇಟ್ಟಾಗ, ಹಲಗೆಯ ತೂಕ ಕಳೆದು, ತಕ್ಕಡಿ 50.10 ತೋರಿಸಿತು, ಎರಡು ನಾಣ್ಯಕ್ಕೆ ಜಿಗಿಯಿತು. ಯಂತ್ರವನ್ನಿಟ್ಟಾಗ 50.00, ಐದು ನಾಣ್ಯಕ್ಕೆ ಜಿಗಿಯಿತು. ಅಂದರೆ ಯಂತ್ರವು ನೀರಿಗಿಂತ 100 ಗ್ರಾಮಿನ ಮೇಲೆ ಮೂರು ನಾಣ್ಯದಷ್ಟು ಹಗುರ. ಒಟ್ಟು ಸುಮಾರು 123 ಗ್ರಾಂ. ನಿಜವಾದ ತೂಕ 49.88 ಕಿಲೋಗ್ರಾಂ! ಕಲ್ಲಿನ ಮತ್ತು ನೀರು ತುಂಬಿದ್ದರ ದೋಷ ಇಪ್ಪತ್ತು ಮೂವತ್ತು ಗ್ರಾಂ ಎಂದಿಟ್ಟುಕೊಂಡರೂ ಮಿತಿಯೊಳಗೇ. ಹಿಡಿಕೈ ಉಳಿಯಿತು. ಹುಡುಗಿ ಏನೂ ಮಾತನಾಡದೆ ನಾಣ್ಯಗಳನ್ನು ಎಣಿಸಿ ನಮ್ಮ ಕೈಗೆ ಕೊಟ್ಟಳು.

ಇಲ್ಲಿ ದಿಲ್ಲಿಯ ಮಾತೊಂದಿದೆ. ಇಂದಿನ ತಕ್ಕಡಿಗಳು ಅಳೆಯುವುದು ಭೂಮಿ ಎಳೆಯುವ ಬಲವನ್ನು. ಆ ಎಳೆತ ಪುಣೆಗಿಂತ ದಿಲ್ಲಿಯಲ್ಲಿ ಕೊಂಚ ಹೆಚ್ಚು. ದಿಲ್ಲಿ ಉತ್ತರಕ್ಕಿದೆ, ಎತ್ತರವೂ ಕಡಿಮೆ. ಪುಣೆಯಲ್ಲಿ ಸರಿಪಡಿಸಿದ ತಕ್ಕಡಿಯನ್ನು ಹಾಗೆಯೇ ಅಲ್ಲಿಗೆ ಒಯ್ದರೆ 50 ಕಿಲೋಗೆ ಸುಮಾರು 40 ಗ್ರಾಂ ಹೆಚ್ಚು ತೋರಿಸುತ್ತದೆ. ಬೆಂಗಳೂರಿನಿಂದ ಒಯ್ದರೆ ಇನ್ನೂ ಹೆಚ್ಚು. ಕಲ್ಲಿಗೆ ಹೋಲಿಸಿ ತೂಗಿದರೆ ಈ ತೊಡಕಿಲ್ಲ. ಕಲ್ಲನ್ನೂ ಯಂತ್ರವನ್ನೂ ಭೂಮಿ ಒಂದೇ ತೆರನಾಗಿ ಎಳೆಯುತ್ತದೆ. ಪಂದ್ಯದವರ ತಕ್ಕಡಿಯನ್ನು ಎಲ್ಲಿ ಸರಿಪಡಿಸಿದ್ದಾರೆಂದು ನಾವು ಕೇಳಲಾಗುವುದಿಲ್ಲವಾದ್ದರಿಂದ 100 ಗ್ರಾಂ ಕೈಯಲ್ಲಿ ಉಳಿಸಿಕೊಂಡು ಹೋಗುವುದೇ ಮೇಲು.

ಇನ್ನು ದಿನವಹಿಯ ವಿಷಯ. ಯಂತ್ರ ಪೂರ್ತಿಯಾದ ಮೇಲೆ ತೂಗಿ ಗಾಬರಿಯಾಗುವುದಕ್ಕಿಂತ, ಮೊದಲ ದಿನದಿಂದಲೇ ಪ್ರತಿ ಭಾಗವನ್ನೂ ಅಡಿಗೆಮನೆಯ ಸಣ್ಣ ತಕ್ಕಡಿಯಲ್ಲಿ ತೂಗಿ ಪುಸ್ತಕದಲ್ಲಿ ಬರೆಯಬೇಕು. ಮೋಟಾರು ಇಷ್ಟು, ಬ್ಯಾಟರಿ ಇಷ್ಟು, ಅಲ್ಯೂಮಿನಿಯಂ ಚೌಕಟ್ಟು ಇಷ್ಟು. ಕೊನೆಗೆ ಬಿಡಿ ತೂಕಗಳ ಮೊತ್ತವನ್ನು ಇಡೀ ತೂಕದೊಡನೆ ತಾಳೆ ನೋಡಿದರೆ ಅಂತರ ಬಂದೇ ಬರುತ್ತದೆ. ತಂತಿ, ನಟ್ಟು, ಬೋಲ್ಟು, ಅಂಟು ಇವು ಯಾರೂ ಖಾತೆಗೆ ಬರೆಯದ ಸಾಲಗಾರರು. ಅವುಗಳನ್ನು ಡಬ್ಬಿಸಮೇತ ಮೊದಲೊಮ್ಮೆ ತೂಗಿ, ಕೆಲಸ ಮುಗಿದ ಮೇಲೆ ಉಳಿದದ್ದನ್ನು ತೂಗಿದರೆ ಬಳಸಿದ್ದು ತಿಳಿಯುತ್ತದೆ. ಇಂಥ ಪುಸ್ತಕವಿದ್ದರೆ ಇಳಿಸಲೇಬೇಕಾದಾಗ ಎಲ್ಲಿ ಇಳಿಸುವುದೆಂಬ ಜಗಳವಿಲ್ಲ. ಉದ್ದವಾದ ಬೋಲ್ಟುಗಳನ್ನು ಗಿಡ್ಡ ಮಾಡಿಯೇ ಎಷ್ಟೋ ಗ್ರಾಂ ಉಳಿಸಬಹುದು. ಪಂದ್ಯದ ಹಿಂದಿನ ರಾತ್ರಿ ಚೌಕಟ್ಟಿಗೆ ತೂತು ಕೊರೆದು ಅದರ ಬಲ ಕಳೆಯಬೇಕಾಗಿಲ್ಲ.

ಆ ಐದು ಕ್ಯಾನುಗಳು ಸಂಘದ ಕಚೇರಿಯ ಬೀರುವಿನ ಪಕ್ಕದಲ್ಲಿವೆ. ಬೇಕಾದ ತಂಡದವರು ಕಾರ್ಯದರ್ಶಿಗಳಿಗೆ ತಿಳಿಸಿ ಒಯ್ಯಬಹುದು. ಮುಚ್ಚಳ ಬಿಗಿಯಾಗಿದ್ದರೂ ಒಯ್ಯುವ ಮುನ್ನ ಕಬ್ಬಿಣದ ಕಲ್ಲಿಗೆ ಮತ್ತೊಮ್ಮೆ ಹೋಲಿಸಿ ನೋಡಿಕೊಳ್ಳಿ. ಬಾಯಾರಿಕೆಯಾಯಿತೆಂದು ಅದರ ನೀರನ್ನು ಯಾರೂ ಕುಡಿಯಬೇಡಿ.