ಪಂಚಮಿಯ ಉಡುಗೊರೆ



ಶ್ರಾವಣ ಶುದ್ಧ ಪಂಚಮಿ ಸಮೀಪಿಸಿತೆಂದರೆ ನಮ್ಮ ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ದೃಷ್ಟಿಯೆಲ್ಲ ತವರಿನ ದಾರಿಯ ಮೇಲೆ. ಅಣ್ಣನು ಕರೆಯಲು ಬರುತ್ತಾನೆ. ತವರಿನಲ್ಲಿ ಜೋಕಾಲಿ ಕಟ್ಟುತ್ತಾರೆ. ಎಳ್ಳುಂಡಿ, ಶೇಂಗಾದುಂಡಿ, ತಂಬಿಟ್ಟು ಸಿದ್ಧವಾಗುತ್ತವೆ. ಮರಳುವಾಗ ಇಳಕಲ್ಲ ಸೀರೆಯನ್ನೋ ಗುಳೇದಗುಡ್ಡದ ಕುಬುಸದ ಖಣವನ್ನೋ ಕೊಟ್ಟು, ಉಡಿ ತುಂಬಿ ಕಳಿಸುವುದು ವಾಡಿಕೆ.

ಈ ಉಡುಗೊರೆಯನ್ನು ಆರಿಸುವ ಬಗೆ ಯಾವುದು? ಗೀತೆಯ 17ನೆಯ ಅಧ್ಯಾಯದಲ್ಲಿ ದಾನವನ್ನು ಮೂರು ವಿಧವಾಗಿ ಹೇಳಿದೆ. ಪ್ರತಿಫಲ ಬಯಸದೆ ಕೊಟ್ಟದ್ದು ಸಾತ್ವಿಕ. ಫಲವನ್ನೆಣಿಸಿ, ಮನನೊಂದು ಕೊಟ್ಟದ್ದು ರಾಜಸ. ತಿರಸ್ಕಾರದಿಂದ ಕೊಟ್ಟದ್ದು ತಾಮಸ.

ಹಿಂದೊಮ್ಮೆ ಒಬ್ಬ ರೈತನು ಮಠಕ್ಕೆ ಬಂದು, "ಅಜ್ಜಾರ, ಸಾಲಾ ಮಾಡಿ ತಂಗಿಗೆ ರೇಷ್ಮಿ ಸೀರಿ ಉಡಿಸಿ ಕಳಿಸಿದೆ. ಬೀಗರು ಅದನ್ನೂ ಹಗುರ ಅಂದ್ರು" ಎಂದು ಕಣ್ಣೀರಿಟ್ಟನು. "ತಂಗಿ ಏನು ಬೇಡಿದ್ದಳಪ್ಪಾ?" ಎಂದೆವು. "ಏನಿಲ್ರಿ. ಅವ್ವ ಕಟ್ಟಿದ ಉಂಡಿ ನಾಕು ಸಾಕು ಅಂದಿದ್ದಳು" ಎಂದನು.

ನೋಡಿರಿ, ಬೇಡಿದ್ದು ಉಂಡಿ, ಬಂದದ್ದು ಸಾಲ! ಶಕ್ತಿಯಿದ್ದವರು ಕೈಮಗ್ಗದ ಖಣ ಕೊಳ್ಳಿರಿ. ನೇಕಾರನ ಕಾಯಕಕ್ಕೂ ಬೆಲೆ ಬಂದೀತು. ಇಲ್ಲದವರು ಉಂಡಿಯ ಬುತ್ತಿ ಕಟ್ಟಿಕೊಟ್ಟರೆ ಸಾಕು. ಆದರೆ ಕರೆಯಲು ಹೋಗುವುದನ್ನು ಮಾತ್ರ ಬಿಡಬೇಡಿರಿ. ಸೀರೆಗೆ ಹಣವಿಲ್ಲವೆಂದು ನಾಚಿ ಅಣ್ಣನು ಬಾರದಿದ್ದರೆ, ಬಾಗಿಲಲ್ಲಿ ಕಾದು ನಿಂತ ತಂಗಿಗೆ ಪಂಚಮಿಯೇ ಇಲ್ಲ.

ಸೊಸೆ ತಂದ ಗಂಟನ್ನು ತೂಗಿ ನೋಡುವ ತಾಯಂದಿರೇ, ನೀವೂ ಒಂದು ಮನೆಯ ಮಗಳೇ ಎಂಬುದನ್ನು ಮರೆಯಬೇಡಿರಿ.