ರಾಸುವಿನ ಮುಖ ಓರೆಯಾದರೆ, ಜೊಲ್ಲು ಸುರಿದರೆ

(ಕತ್ತಲಗೆರೆಯ ಹಾಲು ಉತ್ಪಾದಕ ಸದಸ್ಯರನ್ನು ಉದ್ದೇಶಿಸಿ ಮಾಡಿದ ಭಾಷಣ)



ರಾಸು ಮೇವು ಬಿಟ್ಟು ಜೊಲ್ಲು ಸುರಿಸುತ್ತಾ ನಿಂತರೆ ನಾವು ಮೊದಲು ಮಾಡುವುದೇನು? ಗಂಟಲಿಗೆ ಏನೋ ಸಿಕ್ಕಿಕೊಂಡಿದೆ ಎಂದು ಬಾಯಿಗೆ ಕೈ ಹಾಕುತ್ತೇವೆ. ಇಲ್ಲವೇ ಔಷಧಿ ಕುಡಿಸಲು ಗೊಟ್ಟ ಎತ್ತುತ್ತೇವೆ. ಈ ಎರಡನ್ನೂ ಏಕೆ ಮಾಡಬಾರದು ಎಂದು ತಿಳಿಸುವುದೇ ಇಂದಿನ ನನ್ನ ಮಾತಿನ ಉದ್ದೇಶ.

ನಮಗಿರುವಂತೆಯೇ ರಾಸುವಿಗೂ ಮಿದುಳಿನಿಂದ 12 ಜೋಡಿ ನರಗಳು ಹೊರಡುತ್ತವೆ. ನೋಡುವುದು, ಮೂಸುವುದು, ಅಗಿಯುವುದು, ನಾಲಿಗೆ ಚಾಚುವುದು, ನುಂಗುವುದು ಎಲ್ಲವೂ ಇವುಗಳಿಂದಲೇ. 10ನೆಯ ನರ ಹೊಟ್ಟೆಯವರೆಗೂ ಹೋಗುತ್ತದೆ. ಅದು ಕೆಟ್ಟರೆ ಮೆಲುಕು ನಿಂತು ಹೊಟ್ಟೆ ಉಬ್ಬರಿಸಬಹುದು. ಯಾವ ಕೆಲಸ ನಿಂತಿದೆ ಎಂಬುದರ ಮೇಲೆ ಯಾವ ನರಕ್ಕೆ ತೊಂದರೆ ಎಂದು ವೈದ್ಯರು ಗುರುತಿಸುತ್ತಾರೆ.

7ನೆಯದು ಮುಖದ ನರ. ಇದು ಕೆನ್ನೆಯ ಮೇಲೆ ಚರ್ಮದ ಕೆಳಗೇ ಹಾಯುತ್ತದೆ. ಮುಖಕ್ಕೆ ಬಿಗಿದ ಹಗ್ಗ, ಕೋಲಿನ ಪೆಟ್ಟು, ಗಟ್ಟಿ ನೆಲದ ಮೇಲೆ ಬಹಳ ಹೊತ್ತು ಒಂದೇ ಮಗ್ಗುಲಿಗೆ ಮಲಗುವುದು, ಇಷ್ಟು ಸಾಕು ಅದು ಜಜ್ಜಿಹೋಗಲು. ಆಗ ಆ ಕಡೆಯ ಕಿವಿ ಜೋತುಬೀಳುತ್ತದೆ, ಕಣ್ಣು ಮುಚ್ಚಲಾಗದು, ತುಟಿ ಸರಿಯಿರುವ ಕಡೆಗೆ ಎಳೆದುಕೊಳ್ಳುತ್ತದೆ, ಮೇವು ಕೆನ್ನೆಯಲ್ಲೇ ಉಳಿಯುತ್ತದೆ. ಬರೀ ಒತ್ತಡದಿಂದ ಆದದ್ದಾದರೆ ಎಷ್ಟೋ ರಾಸುಗಳು ಕೆಲವು ವಾರಗಳಲ್ಲಿ ಸುಧಾರಿಸುತ್ತವೆ. ನರ ತುಂಡಾಗಿದ್ದರೆ ಕಷ್ಟ. ಕಣ್ಣು ಒಣಗಿ ಹುಣ್ಣಾಗದಂತೆ ವೈದ್ಯರು ಕೊಟ್ಟ ಮುಲಾಮು ಹಚ್ಚಿ, ಮೆತ್ತನೆಯ ಹಸಿರು ಮೇವು ಕೊಡಿ.

ಪೆಟ್ಟಿಲ್ಲದೆಯೂ ಹೀಗಾಗುವುದುಂಟು. ಮುಸುಕಿನ ಜೋಳದ ರಸಮೇವು ಮಾಡುವವರು ಗಮನಿಸಿ. ಗಾಳಿ ಹೊಕ್ಕು ಕೆಟ್ಟ ರಸಮೇವಿನಲ್ಲಿ ಲಿಸ್ಟೀರಿಯಾ ಎಂಬ ರೋಗಾಣು ಬೆಳೆಯುತ್ತದೆ. ಬಾಯಿಯ ಸಣ್ಣ ಗಾಯದಿಂದ ಒಳಹೊಕ್ಕು, ನರದ ದಾರಿ ಹಿಡಿದು ಮಿದುಳಿಗೇ ಏರುತ್ತದೆ. ಮುಖ ಓರೆಯಾಗುವುದರ ಜೊತೆಗೆ ಜ್ವರ, ಮಂಕು, ಒಂದೇ ಕಡೆಗೆ ಸುತ್ತುವುದು ಇದರ ಲಕ್ಷಣ. ಮೊದಲೇ ಚಿಕಿತ್ಸೆಯಾದರೆ ಉಳಿಸಬಹುದು, ತಡವಾದರೆ ಕಷ್ಟ. ಬೂಸ್ಟು ಹಿಡಿದ ರಸಮೇವನ್ನು ಗೋದಲಿಗೆ ಹಾಕಲೇಬೇಡಿ.

ಇನ್ನು ಎಲ್ಲಕ್ಕಿಂತ ಭಯಂಕರವಾದದ್ದು ಹುಚ್ಚುನಾಯಿ ರೋಗ, ಅಂದರೆ ರೇಬೀಸ್. ರಾಸು ಹಾಯಲು ಬಂದರೆ ಮಾತ್ರ ಹುಚ್ಚು ಎಂದು ತಿಳಿಯಬೇಡಿ. ಸುಮ್ಮನೆ ನಿಂತು ನುಂಗಲಾರದೆ ಜೊಲ್ಲು ಸುರಿಸುವುದು, ದನಿ ಒಡೆದು ಮತ್ತೆ ಮತ್ತೆ ಕೂಗುವುದು, ಹಿಂಗಾಲು ಸೋಲುವುದು ಕೂಡ ಅದೇ ರೋಗವಿರಬಹುದು. ನಾಯಿ ಕಚ್ಚಿ ವಾರಗಳೋ ತಿಂಗಳುಗಳೋ ಕಳೆದ ಮೇಲೆ ಇದು ತೋರುವುದರಿಂದ ಕಚ್ಚಿದ್ದು ನಮಗೆ ನೆನಪೂ ಇರುವುದಿಲ್ಲ. ಲಕ್ಷಣ ಕಂಡ ಮೇಲೆ ಮದ್ದಿಲ್ಲ. ಆ ಜೊಲ್ಲು ನಿಮ್ಮ ಕೈಯ ಗೀರಿಗೆ ತಾಗಿದರೆ ನಿಮ್ಮ ಪ್ರಾಣಕ್ಕೇ ಅಪಾಯ. ಬಾಯಿಗೆ ಕೈ ಹಾಕಬಾರದು ಎಂದದ್ದು ಇದಕ್ಕೇ. ಗೊಟ್ಟದ ಮಾತೂ ಅಷ್ಟೆ: ನುಂಗಲಾರದ ರಾಸುವಿಗೆ ಕುಡಿಸಿದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ರಾಸುವನ್ನು ಬೇರೆ ಕಟ್ಟಿ, ಮಕ್ಕಳನ್ನು ದೂರವಿಡಿ. ಪಶುವೈದ್ಯರಿಗೆ ತಿಳಿಸಿ, ಇಲ್ಲವೇ 1962ಕ್ಕೆ ಫೋನು ಮಾಡಿ. ಅವರು ನೋಡಿ ಹೇಳುವವರೆಗೆ ಅದರ ಹಾಲನ್ನು ಕುಡಿಯಬೇಡಿ, ಕರುವಿಗೂ ಬಿಡಬೇಡಿ, ಸಂಘಕ್ಕೂ ಹಾಕಬೇಡಿ. ಒಂದೆರಡು ಹೊತ್ತಿನ ಹಾಲಿನ ಹಣಕ್ಕಿಂತ ಮನೆಯವರ ಜೀವ ದೊಡ್ಡದು. ಜೊಲ್ಲು ತಾಗಿದ್ದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ. ಪೂಜೆ, ನಾಟಿ ಮದ್ದು ಎಂದು ದಿನ ಕಳೆಯಬೇಡಿ. ನಾಯಿ ಕಚ್ಚಿದ್ದು ಕಣ್ಣಾರೆ ಕಂಡರೆ, ರಾಸುವಿನ ಗಾಯವನ್ನೂ ಹಾಗೆಯೇ ತೊಳೆದು ಕೂಡಲೇ ಲಸಿಕೆ ಕೊಡಿಸಿ. ಮನೆಯ ನಾಯಿಗೆ ಪ್ರತಿ ವರ್ಷ ಲಸಿಕೆ ತಪ್ಪಿಸಬೇಡಿ.

ದಿನವೂ ಹಾಲು ಕರೆಯುವ ಮುನ್ನ ಒಂದು ಗಳಿಗೆ ರಾಸುವಿನ ಎದುರಿಗೆ ನಿಂತು ಮುಖ ನೋಡಿ. ಎರಡು ಕಿವಿ, ಎರಡು ಕಣ್ಣು, ತುಟಿ ಸರಿಸಮವಾಗಿವೆಯೇ ಎಂದು ಗಮನಿಸಿ. ಇದಕ್ಕೆ ಖರ್ಚಿಲ್ಲ. ನಿಮ್ಮ ರಾಸು, ನಿಮ್ಮ ಮನೆ ಎರಡನ್ನೂ ಇದು ಕಾಯುತ್ತದೆ.