ಹಳ್ಳದ ಮೀನೂ ಹೊಲದ ಸಾಲವೂ



ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಕೂನ್ ಕ್ರೀಕ್ ಅಂತ ಒಂದು ಹಳ್ಳ ಇದೆ. ಅಲ್ಲಿನ ಟ್ರೌಟ್ ಮೀನಿಗೆ ತಣ್ಣಗಿನ ತಿಳಿನೀರೇ ಬೇಕು. ಮೊಟ್ಟೆ ಇಡೋದು ತಳದ ನೊರಜುಗಲ್ಲಿನ ಸಂದಿಯಲ್ಲಿ. ಗುಡ್ಡವನ್ನು ಮೇಲಿಂದ ಕೆಳಕ್ಕೆ ಉತ್ತರು, ಮರಗಾಡಿನೊಳಗೆ ದನ ಬಿಟ್ಟರು. ಮಳೆ ಬಂದಾಗಲೆಲ್ಲ ಹೊಲದ ಮೇಲ್ಮಣ್ಣು ಹಳ್ಳ ಸೇರಿತು. ಗೋಡಿನಡಿ ಸಿಕ್ಕಿದ ಮೊಟ್ಟೆ ಉಸಿರುಗಟ್ಟಿ ಸಾಯ್ತದೆ. ಮೀನೂ ಹೋಯ್ತು, ಹೊಲದ ಸಾರವೂ ಹೋಯ್ತು.

1933ರಲ್ಲಿ ಸರ್ಕಾರ ಅಲ್ಲಿ ಕೆಲಸ ಶುರು ಮಾಡಿತು. ಬರೀ ಉಪದೇಶ ಅಲ್ಲ ನೋಡಿ! ಒಪ್ಪಿದ ಒಬ್ಬೊಬ್ಬ ರೈತನ ಜೊತೆಗೂ ಐದು ವರ್ಷದ ಕರಾರು. ಬೀಜ, ಸುಣ್ಣ, ಬೇಲಿ ಸಾಮಾನು ಕೊಟ್ಟಿತು. ಕೆಲಸಕ್ಕೆ ನಿರುದ್ಯೋಗಿ ಯುವಕರ ಪಡೆಯನ್ನೇ ಕಳಿಸಿತು. ರೈತರು ಇಳಿಜಾರಿಗೆ ಅಡ್ಡಲಾಗಿ ಉತ್ತರು, ಒಂದು ಪಟ್ಟಿ ಮೆಕ್ಕೆಜೋಳ, ಪಕ್ಕದ ಪಟ್ಟಿ ಮೇವು ಹಾಕಿದರು, ಕಡಿದಾದ ಗುಡ್ಡಕ್ಕೆ ದನ ಬಿಡೋದು ನಿಲ್ಲಿಸಿದರು. ನೀರು ಇಂಗಿತು, ಬುಗ್ಗೆಯ ತಣ್ಣೀರು ಹಳ್ಳಕ್ಕೆ ಬಂತು. ದಶಕಗಳು ಹಿಡಿದವು, ಆದರೆ ಟ್ರೌಟ್ ಮರಳಿತು. ಈಗ ಪೇಟೆಯವರು ಲೈಸೆನ್ಸಿಗೆ ದುಡ್ಡು ಕಟ್ಟಿ ಗಾಳ ಹಾಕೋಕೆ ಬರ್ತಾರೆ.

ಹಳ್ಳ ಉಳಿಸಿ ಅಂತ ನಮ್ಮೂರಿಗೆ ಹೇಳೋಕೆ ಬರುವವರನ್ನು ಕೇಳಿ: ನಿಮ್ಮ ಐದು ವರ್ಷದ ಕರಾರು ಎಲ್ಲಿ? ಅರ್ಧ ಹೊಲಕ್ಕೆ ಹುಲ್ಲು ಹಾಕಿದರೆ ಬ್ಯಾಂಕಿನ ಕಂತು ಕಟ್ಟೋರು ಯಾರು?